ಬೆಚ್ಚನೆ ನೀರಿನ ಕೊಳವೂ ಬೇಕು
ಚೆನ್ನೈನ ಟಿ. ನಗರದಲ್ಲಿ ನಡಿಗೆಗೆ ಪನಗಲ್ ಪಾರ್ಕ್ ಇದೆ, ನಟೇಶನ್ ಪಾರ್ಕ್ ಇದೆ. 2019ರಲ್ಲಿ ಪಾಂಡಿ ಬಜಾರಿಗೂ ಅಗಲವಾದ ಕಾಲುದಾರಿ ಬಂತು. ಇವೆಲ್ಲ ನಡೆಯಬಲ್ಲವರಿಗೆ. ಮಂಡಿ ಸವೆದ ಹಿರಿಯರು ಮನೆಯಲ್ಲೇ ಉಳಿಯುತ್ತಾರೆ. ನೋವಿನ ಜೊತೆ ಬೇಸರವೂ ಬಲಿಯುತ್ತದೆ. ಅವರಿಗಾಗಿ ಬೆಚ್ಚನೆ ನೀರಿನ ಸಾರ್ವಜನಿಕ ಕೊಳವೊಂದು ಬೇಕು. ಎದೆಮಟ್ಟದ ನೀರಿನಲ್ಲಿ ನಿಂತರೆ ಕಾಲುಗಳ ಮೇಲಿನ ಭಾರ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. ನೆಲದ ಮೇಲೆ ನಾಲ್ಕು ಹೆಜ್ಜೆಗೆ ಮುಖ ಕಿವುಚುವವರು ಅಲ್ಲಿ ಆರಾಮವಾಗಿ ಕೈಕಾಲು ಆಡಿಸಬಲ್ಲರು. ಚಿಕಿತ್ಸೆಯಲ್ಲಿ ಬಳಸುವ 33ರಿಂದ 36 ಡಿಗ್ರಿ ಸೆಲ್ಸಿಯಸ್ ನೀರು ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ. ಬೀಳುವ ಭಯವೂ ಕಡಿಮೆ, ಜೊತೆಗೆ ಮಾತಿಗೆ ನಾಲ್ಕು ಜನ. ಮನಸ್ಸು ಹಗುರಾಗಲು ಇವೆಲ್ಲವೂ ಕಾರಣ ಎಂದೇ ನನ್ನ ನಂಬಿಕೆ.

ಪುರಾವೆಯನ್ನು ಹಿಗ್ಗಿಸಬಾರದು. ಮಂಡಿ, ಸೊಂಟದ ಕೀಲು ಸವೆತಕ್ಕೆ ನೀರಿನಲ್ಲಿ ಮಾಡುವ ವ್ಯಾಯಾಮದ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2016ರ ಕಾಕ್ರೇನ್ ವಿಮರ್ಶೆ ನೋವಿನಲ್ಲೂ ಬದುಕಿನ ಗುಣಮಟ್ಟದಲ್ಲೂ ಕಂಡದ್ದು ಸಣ್ಣ, ಅಲ್ಪಾವಧಿಯ ಸುಧಾರಣೆ. ಆದರೆ ಅಭ್ಯಾಸ ನಿಂತರೆ ಫಲ ಕರಗುತ್ತದೆ ಎಂಬುದೇ ಕೊಳ ಮನೆಯ ಹತ್ತಿರ, ಅಗ್ಗದಲ್ಲಿ ಸಿಗಬೇಕು ಎನ್ನಲು ಕಾರಣ. ಚೆನ್ನೈ ಸೆಕೆಯಲ್ಲಿ ಬೆಚ್ಚನೆ ನೀರೇಕೆ ಎನ್ನಬಹುದು. ಬೇಸಿಗೆಯಲ್ಲಿ ಇಲ್ಲಿ ನೀರು ಕಾಯಿಸುವ ಖರ್ಚು ಕಡಿಮೆ, ವ್ಯಾಯಾಮವೂ ನಿಧಾನದ್ದು. ಹೃದಯದ ತೊಂದರೆ ಇರುವವರು, ಗಾಯವಾದವರು ವೈದ್ಯರನ್ನು ಕೇಳಿಯೇ ಇಳಿಯಬೇಕು. ಗಟ್ಟಿಯಾದ ಆಕ್ಷೇಪ ನೀರಿನದು: 2019ರ ಬೇಸಿಗೆಯಲ್ಲಿ ಜಲಾಶಯಗಳೇ ಬತ್ತಿದ್ದವು. ಹಾಗಾಗಿ ದೊಡ್ಡ ಈಜುಕೊಳ ಬೇಡ. ಶೋಧಿಸಿ ಮರುಬಳಸುವ, ರಾತ್ರಿ ಹೊದಿಕೆ ಹಾಕುವ ಚಿಕ್ಕ ಕೊಳ ಸಾಕು. ಹಿಡಿಕೆಯಿರುವ ಮೆಟ್ಟಿಲು, ತರಬೇತಿ ಪಡೆದ ಫಿಸಿಯೋಥೆರಪಿಸ್ಟ್, ಹೆಂಗಸರಿಗೆ ಪ್ರತ್ಯೇಕ ಸಮಯ ಇರಲಿ. ಮಹಾನಗರ ಪಾಲಿಕೆ ಒಂದನ್ನು ಕಟ್ಟಿ ಶುರುಮಾಡಲಿ.