ಮೇಲ್ಮನವಿಯಿಲ್ಲದ ನ್ಯಾಯಮಂಡಳಿ

ಹಿತ್ತಿಲಿನ ಎರಡಡಿ ಜಾಗದ ವ್ಯಾಜ್ಯದಲ್ಲಿ ಸೋತವನಿಗೂ ನಮ್ಮ ಕಾನೂನು ಮೇಲ್ಮನವಿಯ ಹಕ್ಕನ್ನು ನೀಡಿದೆ. ಮೇಲಿನ ನ್ಯಾಯಾಲಯವು ಸಾಕ್ಷ್ಯಗಳನ್ನು ಮತ್ತೊಮ್ಮೆ ಪರಿಶೀಲಿಸಿ, ತಪ್ಪಿದ್ದರೆ ತಿದ್ದುತ್ತದೆ. ಆದರೆ ಅಸ್ಸಾಮಿನ ವಿದೇಶಿಯರ ನ್ಯಾಯಮಂಡಳಿಯಿಂದ 'ನೀನು ಈ ದೇಶದವನೇ ಅಲ್ಲ' ಎಂದು ಹೇಳಿಸಿಕೊಂಡವನಿಗೆ ಆ ಹಕ್ಕಿಲ್ಲ. ಎರಡಡಿ ಜಾಗಕ್ಕಿರುವ ಬೆಲೆ ಒಬ್ಬನ ಪೌರತ್ವಕ್ಕಿಲ್ಲವೇ?

1964ರ ಆದೇಶದಂತೆ ರಚನೆಗೊಂಡ ಈ ನ್ಯಾಯಮಂಡಳಿಗಳ ಮುಂದೆ, ತಾನು ಭಾರತೀಯನೆಂದು ಸಾಬೀತುಪಡಿಸುವ ಹೊಣೆ ನೋಟೀಸು ಪಡೆದವನ ಮೇಲೆಯೇ ಇದೆ. 1946ರ ವಿದೇಶಿಯರ ಕಾಯ್ದೆಯಲ್ಲಿದ್ದ ಈ ನಿಯಮವನ್ನು, ಅದರ ಸ್ಥಾನದಲ್ಲಿ ಬಂದ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ಉಳಿಸಿಕೊಂಡಿದೆ. 1985ರಿಂದ 2019ರ ಫೆಬ್ರವರಿವರೆಗೆ 63,959 ಮಂದಿಯನ್ನು ಅವರ ಗೈರುಹಾಜರಿಯಲ್ಲೇ ವಿದೇಶಿಯರೆಂದು ಘೋಷಿಸಲಾಗಿದೆಯೆಂದು ಕೇಂದ್ರ ಸರಕಾರವೇ 2019ರಲ್ಲಿ ಲೋಕಸಭೆಗೆ ತಿಳಿಸಿತ್ತು.

ಸಂವಿಧಾನದ 226ನೇ ವಿಧಿಯನ್ವಯ ಗುವಾಹಟಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು, ನಿಜ. ಆದರೆ ವಿಚಾರಣೆಯ ಕ್ರಮ ಸರಿಯಿತ್ತೇ, ಅಧಿಕಾರದ ಮಿತಿ ಮೀರಲಾಗಿದೆಯೇ, ಮೇಲ್ನೋಟಕ್ಕೇ ಎದ್ದು ಕಾಣುವ ದೋಷವಿದೆಯೇ ಎಂಬಷ್ಟಕ್ಕೆ ಅಲ್ಲಿನ ಪರಿಶೀಲನೆ ಬಹುತೇಕ ಸೀಮಿತ. ಸಾಕ್ಷ್ಯವನ್ನು ಹೊಸದಾಗಿ ತೂಗಿ ನೋಡುವುದು ಅದರ ಕೆಲಸವಲ್ಲ. ಹೀಗಾಗಿ ಕೆಳಗೆ ದಾಖಲೆಯನ್ನು ತಪ್ಪಾಗಿ ಓದಿದ್ದರೆ ಆ ತಪ್ಪು ಮೇಲೆಯೂ ಉಳಿದುಬಿಡುವ ಅಪಾಯವಿದೆ.

ನಲ್ಬಾರಿ ಜಿಲ್ಲೆಯ ವ್ಯಕ್ತಿಯೊಬ್ಬರ ಪ್ರಕರಣವನ್ನೇ ನೋಡಿ. 2012ರಲ್ಲಿ ನ್ಯಾಯಮಂಡಳಿ ಅವರನ್ನು ಏಕಪಕ್ಷೀಯವಾಗಿ ವಿದೇಶಿಯೆಂದಿತು. 2015ರಲ್ಲಿ ಹೈಕೋರ್ಟು ಅವರ ಅರ್ಜಿಯನ್ನು ತಿರಸ್ಕರಿಸಿತು. ಮರುವಿಚಾರಣೆಗೆ ಸುಪ್ರೀಮ್ ಕೋರ್ಟು ಆದೇಶಿಸಿದಾಗಲೂ ಹೆಸರಿನ ಅಕ್ಷರಗಳ ಮತ್ತು ತಾರೀಕುಗಳ ವ್ಯತ್ಯಾಸವನ್ನು ಮುಂದಿಟ್ಟು ನ್ಯಾಯಮಂಡಳಿ ಅದೇ ಮಾತನ್ನು ಪುನರುಚ್ಚರಿಸಿತು. ಕೊನೆಗೆ 2024ರ ಜುಲೈಯಲ್ಲಿ ಸುಪ್ರೀಮ್ ಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಆಧಾರವಿಲ್ಲದೆ ಯಾರ ಮೇಲೂ ಸಂಶಯದ ಬೆರಳು ತೋರಿಸುವಂತಿಲ್ಲ, ಹೆಸರಿನ ಸಣ್ಣಪುಟ್ಟ ವ್ಯತ್ಯಾಸ ಪೌರತ್ವವನ್ನು ಕಸಿಯಲು ಕಾರಣವಾಗದು ಎಂದಿತು. ಆದರೆ ಆ ತೀರ್ಪನ್ನು ಕೇಳಲು ಅವರು ಬದುಕಿರಲಿಲ್ಲ. ಹನ್ನೆರಡು ವರ್ಷಗಳ ಹೋರಾಟಕ್ಕೆ ಹಣ ಮತ್ತು ತಾಳ್ಮೆಯನ್ನು ಎಷ್ಟು ಮಂದಿ ಕೂಲಿಕಾರರು ಹೊಂದಿಸಿಯಾರು?

ಅಕ್ರಮವಾಗಿ ಬಂದವರನ್ನು ಗುರುತಿಸುವ ಅಧಿಕಾರ ಸರಕಾರಕ್ಕಿದೆ; ಅದರಲ್ಲಿ ತಕರಾರಿಲ್ಲ. ಇದು ಮುಸ್ಲಿಮರ ಪ್ರಶ್ನೆ ಮಾತ್ರವೂ ಅಲ್ಲ. 2019ರ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಿಂದ ಹೊರಗುಳಿದ 19,06,657 ಮಂದಿಯಲ್ಲಿ ಬಂಗಾಳಿ ಹಿಂದೂಗಳೂ ಇದ್ದಾರೆ. ಇವರ ಅಳಿವು ಉಳಿವನ್ನು ನಿರ್ಧರಿಸಬಲ್ಲ ವ್ಯವಸ್ಥೆಯಲ್ಲಿ ಸಾಕ್ಷ್ಯವನ್ನು ಮರುಪರಿಶೀಲಿಸುವ ಮೇಲ್ಮನವಿ ಪ್ರಾಧಿಕಾರ ಮತ್ತು ಬಡವರಿಗೆ ಸಮರ್ಥ ವಕೀಲರ ಉಚಿತ ನೆರವು ಇರಲೇಬೇಕು. ಸಂಸತ್ತು ಇದನ್ನು ಶಾಸನದ ಮೂಲಕವೇ ಖಾತರಿಪಡಿಸಬೇಕು.

ನಮ್ಮ ಮನೆಗಳಿಗೂ ಇದರಲ್ಲಿ ಒಂದು ಪಾಠವಿದೆ. ಶಾಲೆಯ ದಾಖಲೆಯಲ್ಲಿ ಮುಹಮ್ಮದ್, ಪಡಿತರ ಚೀಟಿಯಲ್ಲಿ ಮಹಮದ್, ಮತದಾರರ ಪಟ್ಟಿಯಲ್ಲಿ ಇನ್ನೊಂದು ಎಂಬ ಅಸಡ್ಡೆಯನ್ನು ಬಿಡೋಣ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತಂದೆಯೊಂದಿಗಿನ ಸಂಬಂಧವನ್ನು ತೋರಿಸುವ ದಾಖಲೆ ಇದೆಯೇ ಎಂದು ನೋಡಿಕೊಳ್ಳೋಣ. ಎಚ್ಚರಿಕೆ ನಮ್ಮ ಕರ್ತವ್ಯ. ಆದರೆ ಗುಮಾಸ್ತನ ಲೇಖನಿಯ ತಪ್ಪಿಗೆ ಪ್ರಜೆಯನ್ನು ಶಿಕ್ಷಿಸದಿರುವುದು ಪ್ರಭುತ್ವದ ಕರ್ತವ್ಯ.