ತಾಲೀಮಿನ ಮ್ಯಾಚ್ ನೋಡಿ ಹನ್ನೊಂದು ಹೆಸರು ಬರೆಯಬೇಡಿ

ಕೊಡಗು ಅಂದರೆ ಹಾಕಿ ಅಂತಾರೆ. ನಿಜ. ಆದರೆ ಸಿದ್ದಾಪುರ, ಸುಂಟಿಕೊಪ್ಪದ ಕಡೆ ಬಂದು ನೋಡಿ, ಲೈನ್ ಮನೆಯ ಮಕ್ಕಳ ಕಾಲಲ್ಲಿ ಇರೋದು ಫುಟ್‌ಬಾಲ್. ಮಳೆಗಾಲದಲ್ಲಿ ಮೈದಾನ ಕೆರೆಯಾದಾಗ ಎಲ್ಲರೂ ಮೊಬೈಲ್ ಹಿಡಿದು ಕೂರುತ್ತಾರೆ. ಆಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಕೆಲಸ ಶುರುವಾಗುತ್ತದೆ. ಯಾವುದೋ ದೊಡ್ಡ ಟೀಮ್ ಸೀಸನ್‌ಗೆ ಮುಂಚೆ ಒಂದು ಮ್ಯಾಚ್ ಆಡಿರುತ್ತದೆ. ಮುಗಿದು ಅರ್ಧ ಗಂಟೆಯೂ ಆಗಿರಲ್ಲ, ಹನ್ನೊಂದು ಹೆಸರಿನ ಪಟ್ಟಿ ಬಂದು ಬೀಳುತ್ತದೆ. ಇವನನ್ನು ಇಳಿಸಿ, ಅವನನ್ನು ಕೂರಿಸಿ, ಆ ಮುದುಕನನ್ನು ಮನೆಗೆ ಕಳಿಸಿ.

ಬೇರೆಯವರನ್ನು ಬೈಯುವ ಮುಂಚೆ ನನ್ನದೇ ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರ್ 18ರ ರಾತ್ರಿ ನಾನೂ ಅಂಥದ್ದೇ ಪಟ್ಟಿ ಬರೆದಿದ್ದೆ.

ಅವತ್ತು ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಡ್ಯುರಾಂಡ್ ಕಪ್ ಫೈನಲ್. ನಮ್ಮ ಬೆಂಗಳೂರು ಎಫ್‌ಸಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿತು. ಡ್ಯುರಾಂಡ್ ಕಪ್ 1888ರಲ್ಲಿ ಶಿಮ್ಲಾದಲ್ಲಿ ಶುರುವಾದ ಟೂರ್ನಿ, ಏಷ್ಯಾದಲ್ಲೇ ಎಲ್ಲಕ್ಕಿಂತ ಹಳೆಯದು. ಕಪ್‌ಗೆ ಬೆಲೆ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ಐಎಸ್‌ಎಲ್ ಟೀಮುಗಳಿಗೆ ಅದು ಲೀಗ್‌ಗೆ ಮುಂಚೆ ಬರುವ ತಾಲೀಮು. ಆ ವರ್ಷ ಐಎಸ್‌ಎಲ್‌ನ 11 ಟೀಮುಗಳೂ ಆಡಿದ್ದವು.

ಹನ್ನೊಂದನೇ ನಿಮಿಷಕ್ಕೆ ಶಿವಶಕ್ತಿ ಗೋಲು. ಮೂವತ್ತನೇ ನಿಮಿಷಕ್ಕೆ ಮುಂಬೈಯ ಅಪುಯ ಸಮ ಮಾಡಿದ. ಅರವತ್ತೊಂದನೇ ನಿಮಿಷಕ್ಕೆ ಛೇತ್ರಿ ಹೊಡೆದ ಕಾರ್ನರ್‌ಗೆ ಅಲನ್ ಕೋಸ್ಟಾ ತಲೆ ಕೊಟ್ಟ. ಅಷ್ಟೇ, ಕಪ್ ನಮ್ಮದು. ಅಷ್ಟು ವರ್ಷ ಆಡಿದ ಸುನಿಲ್ ಛೇತ್ರಿಗೂ ಅದು ಮೊದಲ ಡ್ಯುರಾಂಡ್.

ನನ್ನ ಪಟ್ಟಿ ಸುಲಭವಿತ್ತು. ಗೋಲಿನಲ್ಲಿ ಗುರ್‌ಪ್ರೀತ್. ಹಿಂದೆ ಜಿಂಗನ್, ಕೋಸ್ಟಾ. ಮಧ್ಯದಲ್ಲಿ ಸುರೇಶ್, ಪಕ್ಕದಲ್ಲಿ ರೋಶನ್. ಮುಂದೆ ಛೇತ್ರಿ, ರಾಯ್ ಕೃಷ್ಣ, ಶಿವಶಕ್ತಿ ಮೂವರೂ ಒಟ್ಟಿಗೆ. ಕೆಳಗೆ ಒಂದು ಸಾಲು ಬೇರೆ ಹಾಕಿದ್ದೆ: ‘ಈ ಟೀಮನ್ನು ಮುಟ್ಟಬೇಡಿ, ಲೀಗ್ ಕೂಡ ನಮ್ಮದೇ.’

ಮುಂದೆ ಏನಾಯಿತು ಅಂತ ಲೆಕ್ಕ ಕೊಡುತ್ತೇನೆ, ಕೇಳಿ.

ಅಕ್ಟೋಬರ್ 8ಕ್ಕೆ ಕಂಠೀರವದಲ್ಲಿ ಮೊದಲ ಮ್ಯಾಚ್. ನಾರ್ತ್‌ಈಸ್ಟ್ ವಿರುದ್ಧ 1-0, ಅದೂ ಕೊನೆ ಹೊತ್ತಿನಲ್ಲಿ ಬಂದ ಗೋಲು. ಆಮೇಲೆ ಚೆನ್ನೈಯಿನ್ ಜೊತೆ 1-1. ಅಲ್ಲಿಂದ ಇಳಿಜಾರು. ಹೈದರಾಬಾದ್, ಒಡಿಶಾ, ಈಸ್ಟ್ ಬೆಂಗಾಲ್, ಮೂರೂ ಕಡೆ 0-1. ನವೆಂಬರ್ 14ಕ್ಕೆ ಮುಂಬೈ ಸಿಟಿ ಎದುರು 0-4. ಯಾವ ಮುಂಬೈ? ಎರಡು ತಿಂಗಳ ಹಿಂದೆ ನಾವು ಫೈನಲ್‌ನಲ್ಲಿ ಸೋಲಿಸಿ ಕುಣಿದಿದ್ದೆವಲ್ಲ, ಅದೇ ಮುಂಬೈ.

ವರ್ಷ ಮುಗಿಯುವಾಗ 12 ಮ್ಯಾಚ್, 3 ಗೆಲುವು, 1 ಡ್ರಾ, 8 ಸೋಲು. ಹೊಡೆದ ಗೋಲು ಎಂಟೇ ಎಂಟು. ತಿಂದದ್ದು ಹದಿನೇಳು. ಗುಂಪಿನಲ್ಲಿ ಯಾರೋ ನನ್ನ ಹಳೇ ಪಟ್ಟಿ ಹುಡುಕಿ ತೆಗೆದು ಮತ್ತೆ ಹಾಕಿದರು. ನಾನು ಎರಡು ದಿನ ಆ ಕಡೆ ತಲೆ ಹಾಕಲಿಲ್ಲ.

ಇಲ್ಲಿಗೆ ನಿಂತಿದ್ದರೆ ‘ತಾಲೀಮಿನ ಮ್ಯಾಚ್ ಎಲ್ಲ ಸುಳ್ಳು’ ಅಂತ ಬರೆದು ಮುಗಿಸಬಹುದಿತ್ತು. ನಿಲ್ಲಲಿಲ್ಲ. ಜನವರಿ 6ರಿಂದ ಅದೇ ಟೀಮ್, ಅದೇ ಕೋಚ್ ಸೈಮನ್ ಗ್ರೇಸನ್, ಸಾಲಾಗಿ ಎಂಟು ಮ್ಯಾಚ್ ಗೆದ್ದರು. ಎಂಟು ಮ್ಯಾಚಿಗೆ 19 ಗೋಲು, ತಿಂದದ್ದು 6. ಅಲ್ಲಿವರೆಗೆ 18 ಮ್ಯಾಚ್ ಸೋಲದೆ ಬಂದಿದ್ದ ಮುಂಬೈಗೆ ಫೆಬ್ರವರಿ 15ಕ್ಕೆ ಕಂಠೀರವದಲ್ಲಿ 2-1ರ ಸೋಲು ಕೊಟ್ಟರು. 34 ಅಂಕ ಮಾಡಿ ನಾಲ್ಕನೇ ಸ್ಥಾನಕ್ಕೆ ಬಂದು, ಫೈನಲ್‌ವರೆಗೂ ಹೋದರು.

ಈಗ ಬರುತ್ತೇನೆ ಮುಖ್ಯ ವಿಷಯಕ್ಕೆ. ಆ ಗೆಲ್ಲುವ ಟೀಮಿನ ಹನ್ನೊಂದರಲ್ಲಿ ನನ್ನ ಸೆಪ್ಟೆಂಬರ್ ಪಟ್ಟಿಯ ಮೊದಲ ಹೆಸರೇ ಹಲವು ಸಲ ಇರಲಿಲ್ಲ. ಸೀಸನ್‌ನ ಕೊನೆ ಭಾಗದಲ್ಲಿ ಛೇತ್ರಿ ಬೆಂಚಿನಲ್ಲಿ ಕೂತು, ಆಮೇಲೆ ಇಳಿಯುತ್ತಿದ್ದರು. ಮುಂದೆ ರಾಯ್ ಕೃಷ್ಣ ಮತ್ತು ಶಿವಶಕ್ತಿ ಇಬ್ಬರೇ. ಒಬ್ಬ ಚೆಂಡು ಹಿಡಿದು ನಿಲ್ಲುವವನು, ಇನ್ನೊಬ್ಬ ಡಿಫೆಂಡರ್ ಬೆನ್ನ ಹಿಂದೆ ಓಡುವವನು. ಮೂರು ಒಳ್ಳೆ ಹೆಸರು ಒಟ್ಟಿಗೆ ಹಾಕಿದಾಗ ಬಾರದ ಗೋಲು ಇಬ್ಬರಿದ್ದಾಗ ಬಂತು. ನನ್ನ ಅಭಿಪ್ರಾಯದಲ್ಲಿ ಟೀಮ್ ತಿರುಗಿದ್ದೇ ಅಲ್ಲಿ.

ಹಾಗಂತ ಛೇತ್ರಿ ಕತೆ ಮುಗಿದಿತ್ತಾ? ಮಾರ್ಚ್ 3ರ ಪ್ಲೇಆಫ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟುವ ಮುಂಚೆಯೇ ಫ್ರೀಕಿಕ್ ಹೊಡೆದು ಗೋಲು ಮಾಡಿದ್ದು, ಕೇರಳದವರು ಸಿಟ್ಟಾಗಿ ಮೈದಾನ ಬಿಟ್ಟು ಹೋದದ್ದು ನಿಮಗೆ ನೆನಪಿರಬೇಕು. ಹೊಡೆದವರು ಬೆಂಚಿನಿಂದ ಎದ್ದು ಬಂದ ಛೇತ್ರಿ. ಸೆಮಿಫೈನಲ್‌ನಲ್ಲಿ ಮುಂಬೈಗೆ ಹೋಗಿ 1-0 ಗೆದ್ದ ಗೋಲು? ಅದೂ ಬೆಂಚಿನಿಂದ ಬಂದ ಛೇತ್ರಿಯದೇ. ಗೋವಾದ ಫೈನಲ್‌ನಲ್ಲಿ ಆಟ ಶುರುವಾದ ಕೆಲವೇ ನಿಮಿಷಕ್ಕೆ ಶಿವಶಕ್ತಿಗೆ ಪೆಟ್ಟಾಯಿತು. ಇಳಿದವರು ಛೇತ್ರಿ. 2-2 ಆಗಿ, ಪೆನಾಲ್ಟಿಯಲ್ಲಿ 4-3ಕ್ಕೆ ಎಟಿಕೆ ಮೋಹನ್ ಬಾಗಾನ್ ಗೆದ್ದಿತು, ಆ ನೋವು ಬೇರೆ. ಆದರೆ ‘ಮೊದಲ ಹನ್ನೊಂದರಲ್ಲಿ ಇಲ್ಲ ಅಂದರೆ ಟೀಮಿನಲ್ಲೇ ಇಲ್ಲ’ ಅನ್ನುವ ನಮ್ಮ ಲೆಕ್ಕ ಎಷ್ಟು ತಪ್ಪು ಅಂತ 38 ವರ್ಷದ ಕ್ಯಾಪ್ಟನ್ ಬೆಂಚಿನಿಂದ ಎದ್ದೆದ್ದು ತೋರಿಸಿದರು.

ಇನ್ನೊಂದು ಲೆಕ್ಕ ಇದೆ. ಡ್ಯುರಾಂಡ್ ಫೈನಲ್ ಸೋತ ಮುಂಬೈ ಆ ವರ್ಷ ಲೀಗ್ ಪಟ್ಟಿಯ ಮೊದಲ ಸ್ಥಾನದಲ್ಲಿ ನಿಂತು ಶೀಲ್ಡ್ ತೆಗೆದುಕೊಂಡಿತು. ಗೆದ್ದವರ ಪಟ್ಟಿ ನೋಡಿ ನಾನು ಮೋಸ ಹೋದ ಹಾಗೆಯೇ, ಸೋತವರ ಪಟ್ಟಿ ನೋಡಿ ನಕ್ಕವರೂ ಮೋಸ ಹೋದರು.

ಯಾಕೆ ಹೀಗೆ? ಭತ್ತ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ಸಸಿಮಡಿ ಹಸಿರಾಗಿದೆ ಅಂತ ಯಾರೂ ಕಣಜ ತುಂಬಿತು ಅನ್ನುವುದಿಲ್ಲ. ನಾಟಿ ಆಗಬೇಕು, ಕಳೆ ಬರಬೇಕು, ರೋಗ ಬರಬೇಕು, ಮಳೆ ಕೈ ಕೊಡಬೇಕು, ಆಮೇಲೆ ಮಾತು.

ಸೀಸನ್ ಮುಂಚಿನ ಮ್ಯಾಚಿನಲ್ಲಿ ಕೋಚ್ ಗೆಲ್ಲಲು ಮಾತ್ರ ಆಡಿಸುವುದಿಲ್ಲ. ಬೆಳಿಗ್ಗೆ ಮೈ ಮುರಿಯುವಷ್ಟು ಓಡಿಸಿ ಸಂಜೆ ಆಡಿಸುವುದೂ ಉಂಟು. ಕಾಲು ಭಾರವಾಗಿದ್ದರೆ ನಮಗೆ ಅವನು ‘ನಿಧಾನ’ ಅಂತ ಕಾಣುತ್ತಾನೆ. ಪೆಟ್ಟಿನಿಂದ ಎದ್ದವನಿಗೆ ಬರೀ ಅರ್ಧ ಗಂಟೆ ಕೊಡುತ್ತಾರೆ. ಹೊಸದಾಗಿ ಬಂದವನಿಗೆ ಪಕ್ಕದವನ ಹೆಸರೇ ಬಾಯಿಗೆ ಬರುತ್ತಿರುವುದಿಲ್ಲ. ಆ ಸೀಸನ್ ಐಎಸ್‌ಎಲ್‌ನಲ್ಲಿ ಮೈದಾನದಲ್ಲಿ ಒಮ್ಮೆಗೆ ನಾಲ್ವರೇ ವಿದೇಶಿಯರು ಇರಬಹುದಿತ್ತು. ಅಂದರೆ ಒಬ್ಬ ವಿದೇಶಿ ಸ್ಟ್ರೈಕರ್‌ನನ್ನು ಇಳಿಸಿದರೆ ಹಿಂದೆ ಇನ್ನೊಬ್ಬ ವಿದೇಶಿ ಡಿಫೆಂಡರ್ ಹೊರಗೆ ಕೂರಬೇಕಾಗಬಹುದು. ನಾವು ಹೆಸರು ಬರೆಯುತ್ತೇವೆ, ಕೋಚ್ ಈ ಗಂಟು ಬಿಡಿಸುತ್ತಿರುತ್ತಾನೆ.

ಎಲ್ಲಕ್ಕಿಂತ ದೊಡ್ಡದು, ಆಗ ನಿಮ್ಮನ್ನು ತಡೆಯಲು ಯಾರೂ ಪೂರ್ತಿ ತಯಾರಾಗಿ ಬಂದಿರುವುದಿಲ್ಲ. ಲೀಗ್ ಶುರುವಾಗಿ ಮೂರು ನಾಲ್ಕು ಮ್ಯಾಚ್ ಆಗುವಷ್ಟರಲ್ಲಿ ಎದುರಿನವರು ನಿಮ್ಮ ವಿಡಿಯೋ ತಿರುಗಿಸಿ ತಿರುಗಿಸಿ ನೋಡಿರುತ್ತಾರೆ. ಯಾರ ಕಾಲಿಗೆ ಚೆಂಡು ಹೋಗಬಾರದು ಅಂತ ಗೊತ್ತಿರುತ್ತದೆ. ಆಗ ನಿಂತು ಆಡಿದ ಟೀಮೇ ಟೀಮ್.

ಹಾಗಾದರೆ ತಾಲೀಮಿನ ಮ್ಯಾಚ್ ನೋಡಲೇಬಾರದಾ? ನೋಡಿ. ಆದರೆ ಸ್ಕೋರ್ ಬಿಟ್ಟು ನೋಡಿ. ನಾನು ಈಗ ಮೂರು ವಿಷಯ ನೋಡುತ್ತೇನೆ.

ಮೊದಲನೆಯದು, ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡ್. ಯಾರು ತಕ್ಷಣ ಓಡುತ್ತಾರೆ, ಯಾರು ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾರೆ. ಇದು ದಣಿದ ಕಾಲಿನಲ್ಲೂ ಕಾಣುತ್ತದೆ.

ಎರಡನೆಯದು, ಜೋಡಿ. ಒಬ್ಬೊಬ್ಬನನ್ನು ಬೇರೆ ಬೇರೆ ನೋಡಬೇಡಿ. ಲೆಫ್ಟ್ ಬ್ಯಾಕ್ ಮುಂದಕ್ಕೆ ಹೋದಾಗ ಅವನ ಜಾಗಕ್ಕೆ ಯಾರು ಬಂದರು? ಯಾರೂ ಬಾರದೆ ಗೋಲಾದರೆ ತಪ್ಪು ಅವನದೋ, ಪಕ್ಕದವನದೋ?

ಮೂರನೆಯದು, ಅವನು ಅವನದೇ ಜಾಗದಲ್ಲಿ ಆಡುತ್ತಿದ್ದಾನಾ? ಇದನ್ನು ನಾನು ತಡವಾಗಿ ಕಲಿತೆ. ಹೇಗೆ ಕಲಿತೆ ಅಂತ ಕೊನೆಗೆ ಹೇಳುತ್ತೇನೆ.

ಹೀಗೆ ನೋಡಿದ್ದರೆ ಆ ಡ್ಯುರಾಂಡ್‌ನಲ್ಲೂ ಒಂದು ಸತ್ಯ ಕಾಣುತ್ತಿತ್ತು. ಅದು ಕಪ್ ಅಲ್ಲ, 21 ವರ್ಷದ ಶಿವಶಕ್ತಿಯ ಓಟ. ಗೋಲು ಬಂದರೂ ಬಾರದಿದ್ದರೂ ಡಿಫೆಂಡರ್ ಹಿಂದಕ್ಕೆ ಓಡುವುದನ್ನು ಆ ತಮಿಳುನಾಡಿನ ಹುಡುಗ ನಿಲ್ಲಿಸಲಿಲ್ಲ. ಜನವರಿಯಲ್ಲಿ ಟೀಮನ್ನು ಎತ್ತಿದ್ದರಲ್ಲಿ ಅದೇ ಓಟಕ್ಕೆ ದೊಡ್ಡ ಪಾಲು. ಎಂಟು ಸೋಲಿನ ನಡುವೆಯೂ ಕ್ಲಬ್‌ನವರು ಕೋಚ್‌ನನ್ನು ಕಳಿಸಲಿಲ್ಲ, ಅದಕ್ಕೂ ಪಾಲಿದೆ. 2023ರ ಡಿಸೆಂಬರ್‌ನಲ್ಲಿ ಕಳಿಸಿದರು, ಅದು ಬೇರೆ ಕತೆ.

ಇಷ್ಟೆಲ್ಲ ಬೆಂಗಳೂರಿನ ದೊಡ್ಡ ಟೀಮಿನ ಮಾತು. ಛೇತ್ರಿಯನ್ನು ನಾನು ಪಟ್ಟಿಯಿಂದ ತೆಗೆದರೂ ಛೇತ್ರಿಗೆ ಏನೂ ಆಗುವುದಿಲ್ಲ. ನಮ್ಮೂರಲ್ಲಿ ಹಾಗಲ್ಲ.

ಕೆಲವು ವರ್ಷದ ಹಿಂದೆ, ಕಾಫಿ ಕೊಯ್ಲು ಮುಗಿಯುವ ಸಮಯ. ಬೇಸಿಗೆ ಟೂರ್ನಿಗೆ ನಮ್ಮ ಕಡೆಯ ಒಂದು ಟೀಮ್ ತಯಾರಿ ಮ್ಯಾಚ್ ಆಡಿತು. ನಾನು ಆಗಷ್ಟೇ ಡಿಪ್ಲೊಮಾ ಮುಗಿಸಿ ಪತ್ರಿಕೆಗೆ ಸುದ್ದಿ ಕಳಿಸಲು ಶುರು ಮಾಡಿದ್ದೆ. ಟೀಮ್ 0-3 ಸೋತಿತು. ಮೂರು ಗೋಲೂ ಎಡಗಡೆಯಿಂದ. ಅಲ್ಲಿ ಆಡಿದ್ದು ಲೈನ್ ಮನೆಯ ಒಬ್ಬ ಹುಡುಗ, ಹದಿನೇಳು ಹದಿನೆಂಟು ವರ್ಷ. ನಾನು ಬರೆದೆ: ‘ಎಡ ಭಾಗದ ರಕ್ಷಣೆ ತೀರಾ ದುರ್ಬಲ, ಬದಲಾವಣೆ ಅನಿವಾರ್ಯ.’ ನಾಲ್ಕೇ ಸಾಲಿನ ಸುದ್ದಿ. ನನಗೆ ಅದೊಂದು ದೊಡ್ಡ ವಿಶ್ಲೇಷಣೆ ಬರೆದ ಖುಷಿ.

ಟೀಮ್ ನಡೆಸುವವರು ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡರು. ಪೇಪರ್‌ನಲ್ಲೇ ಬಂದಿದೆಯಲ್ಲ ಅಂದರು. ಹುಡುಗನನ್ನು ತೆಗೆದರು. ಟೂರ್ನಿ ನೋಡಲು ಹೊರಗಿನ ಒಂದು ಕಾಲೇಜಿನ ತರಬೇತುದಾರರು ಬಂದಿದ್ದರು. ನಮ್ಮ ಟೀಮಿನ ಇಬ್ಬರಿಗೆ ಕ್ರೀಡಾ ಕೋಟಾದಲ್ಲಿ ಸೀಟು, ಹಾಸ್ಟೆಲ್ ಎರಡೂ ಸಿಕ್ಕವು. ಈ ಹುಡುಗ ಗೆರೆಯ ಹೊರಗೆ ನಿಂತು ನೀರಿನ ಬಾಟಲಿ ಕೊಡುತ್ತಿದ್ದ.

ತಿಂಗಳು ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

“ಅಣ್ಣಾ, ನಾನು ಬಲಗಡೆ ಆಡೋನು. ಅವತ್ತು ಎಡಗಡೆಯವನು ಬಂದಿರಲಿಲ್ಲ. ನೀನೇ ನಿಲ್ಲು ಅಂದ್ರು, ನಿಂತೆ. ಆ ಜಾಗದಲ್ಲಿ ಆಡಿದ್ದು ಅವತ್ತೇ ಮೊದಲು.”

ನಾನು ಏನೂ ಹೇಳಲಿಲ್ಲ. ಏನು ಹೇಳುವುದು? ಮ್ಯಾಚಿನ ಆಚೆ ಈಚೆ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಬೆಳಿಗ್ಗೆ ಅಪ್ಪ ಅಮ್ಮನ ಜೊತೆ ಕೊಯ್ಲಿಗೂ ಹೋಗಿ ಬಂದಿದ್ದನಂತೆ. ಅದನ್ನು ಅವನು ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು. ಅವನೀಗ ಒಂದು ಪಿಕಪ್ ಓಡಿಸುತ್ತಾನೆ. ಕಂಡಾಗ ಹಾರ್ನ್ ಹೊಡೆದು ಕೈ ಎತ್ತುತ್ತಾನೆ.

ಆದ್ದರಿಂದ ಆಯ್ಕೆ ಮಾಡುವವರಿಗೆ ನನ್ನ ಮನವಿ ಇಷ್ಟೇ. ತಾಲ್ಲೂಕು ಟೀಮ್ ಇರಲಿ, ಶಾಲೆ ಟೀಮ್ ಇರಲಿ, ಹುಡುಗರನ್ನಾಗಲಿ ಹುಡುಗಿಯರನ್ನಾಗಲಿ ಒಂದೇ ಮ್ಯಾಚಿನಲ್ಲಿ ತೂಗಬೇಡಿ. ಕಡಿಮೆ ಅಂದರೆ ಎರಡು ಸಲ ಆಡಿಸಿ, ಒಮ್ಮೆಯಾದರೂ ಅವರದೇ ಜಾಗದಲ್ಲಿ. ಹೆಸರಿನ ಮುಂದೆ ಯಾವ ಜಾಗ, ಎಷ್ಟು ನಿಮಿಷ, ಪಕ್ಕದಲ್ಲಿ ಯಾರು ಅಂತ ಬರೆದಿಡಿ. ತೆಗೆಯುವುದಾದರೆ ಯಾಕೆ ತೆಗೆದೆವು ಅಂತ ಆ ಮಗುವಿಗೇ ಹೇಳಿ. ಇದಕ್ಕೆ ದುಡ್ಡು ಬೇಡ, ಒಂದು ನೋಟ್‌ಬುಕ್ ಸಾಕು.

ನನ್ನ ಜೊತೆಯ ವರದಿಗಾರರಿಗೂ ಒಂದು ಮಾತು. ದೊಡ್ಡ ಪತ್ರಿಕೆಯವರು ಛೇತ್ರಿ ಬಗ್ಗೆ ಬರೆದದ್ದನ್ನು ಛೇತ್ರಿ ಓದದೆಯೂ ಇರಬಹುದು. ನಾವು ಬರೆಯುವ ನಾಲ್ಕು ಸಾಲನ್ನು ಆ ಹುಡುಗನ ಇಡೀ ಲೈನ್ ಓದುತ್ತದೆ. ಬರೆಯುವ ಮುಂಚೆ ಹತ್ತಿರ ಹೋಗಿ ‘ನಿನ್ನ ಜಾಗ ಯಾವುದಪ್ಪಾ?’ ಅಂತ ಕೇಳೋಣ.

ವಾಟ್ಸಾಪ್ ಗುಂಪಿನವರೇ, ನೀವು ಪಟ್ಟಿ ಹಾಕುವುದನ್ನು ನಿಲ್ಲಿಸಿ ಅಂತ ನಾನು ಹೇಳಲ್ಲ. ಮಳೆಗಾಲ ಕಳೆಯಬೇಕಲ್ಲ, ಹಾಕಿ. ಬಿಎಫ್‌ಸಿ ಮುಂದಿನ ತಾಲೀಮು ಮುಗಿದ ರಾತ್ರಿ ಬಹುಶಃ ನಾನೂ ಹಾಕುತ್ತೇನೆ. ಆದರೆ ಪೆನ್ಸಿಲ್‌ನಲ್ಲಿ ಬರೆದ ಹಾಗೆ ಹಾಕೋಣ. ನಮ್ಮೂರ ಮಕ್ಕಳ ಹೆಸರು ಬಂದಾಗ ಮಾತ್ರ, ಎರಡನೇ ಮ್ಯಾಚ್ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರೋಣ.