ಎಷ್ಟು ಮರಿ ಎನ್ನುವುದಕ್ಕಿಂತ ಯಾವ ಹೊಳೆಯ ಮರಿ?

ಮಳೆಗಾಲ ಬಂತೆಂದರೆ ಕೆರೆ, ಜಲಾಶಯಗಳಿಗೆ ಮೀನುಮರಿ ಬಿಡುವ ಕಾರ್ಯಕ್ರಮಗಳು ಶುರು. ಮರುದಿನದ ಸುದ್ದಿಯಲ್ಲಿ ಎಷ್ಟು ಲಕ್ಷ ಮರಿ ಎಂಬ ಲೆಕ್ಕ ತಪ್ಪದೆ ಇರುತ್ತದೆ. ಅವು ಯಾವ ಜಾತಿ, ಯಾವ ನದಿಯ ಮೂಲದವು ಎಂದು ಕೇಳುವವರು ಅಪರೂಪ.

ಒಂದು ಕಾಲಕ್ಕೆ ಲೆಕ್ಕವೇ ದೊಡ್ಡ ಸಾಧನೆಯಾಗಿತ್ತು. ಮೀನುಮರಿ ಬೇಕೆಂದರೆ ತುಂಬಿ ಹರಿಯುವ ನದಿಗೆ ಬಲೆಯೊಡ್ಡಿ ಹಿಡಿಯಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅವರ ತಂಡ ಪಿಟ್ಯುಟರಿ ಗ್ರಂಥಿಯ ಸತ್ವ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿತು. ಗಂಗೆಯ ಕಾಟ್ಲಾ, ರೋಹುಗಳು ಊರೂರ ಕೆರೆಗಳಲ್ಲಿ ಬೆಳೆಯುವುದಕ್ಕೆ ಆ ವಿದ್ಯೆಯೇ ಬಲ. ಕೆರೆ ಸಾಕಣೆಗೆ ಇದು ಸರಿ. ನದಿಗೆ ಇದೇ ಸೂತ್ರ ಹೊಂದುವುದಿಲ್ಲ.

ಕಾವೇರಿಯನ್ನೇ ನೋಡಿ. ಕಿತ್ತಳೆ ರೆಕ್ಕೆಯ, ಡುಬ್ಬದ ಮಹಶೀರ್ ಈ ನದಿ ವ್ಯವಸ್ಥೆಗೇ ಸೇರಿದ ಮೀನು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ್ದು 120 ಪೌಂಡ್ ತೂಗಿತ್ತು. 1970ರ ದಶಕದಿಂದ, ಮಹಶೀರ್ ಉಳಿಯಲೆಂಬ ಸದುದ್ದೇಶದಿಂದಲೇ, ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಇಲ್ಲಿಗೆ ಬಿಡಲಾಯಿತು. ಕಾವೇರಿ ದಂಡೆಯ ಗಾಳಿಬೋರೆಯಲ್ಲಿ ಗಾಳ ಹಾಕಿ ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದವರ ದಾಖಲೆ ಪುಸ್ತಕಗಳು ಮುಂದಿನ ಕತೆ ಹೇಳಿದವು: ನೀಲಿ ರೆಕ್ಕೆಯದು ಹೆಚ್ಚುತ್ತಾ ಹೋಯಿತು, ಡುಬ್ಬದ ಮೀನು ಕ್ಷೀಣಿಸಿತು. ಅದರ ವೈಜ್ಞಾನಿಕ ಹೆಸರು ‘ಟಾರ್ ರೆಮದೇವಿ’ ಎಂದು ಖಚಿತವಾಗಿದ್ದೇ 2018ರಲ್ಲಿ. ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಸೇರಿದ್ದೂ ಅದೇ ವರ್ಷ.

ತಪ್ಪೆಲ್ಲ ಹೊರಗಿನ ಮರಿಗಳದ್ದಲ್ಲ. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆ, ಕೊಳಕು ನೀರು ಎಲ್ಲಕ್ಕೂ ಪಾಲಿದೆ. ಆದರೆ ಮರಿ ಬಿಟ್ಟ ಸಂಭ್ರಮದಲ್ಲಿ ಈ ಕಾರಣಗಳು ಮರೆಯಾಗುತ್ತವೆ. ಮೊಟ್ಟೆ ಇಡಲು ತಾಣವೇ ಇಲ್ಲದ ನದಿಗೆ ಪ್ರತಿವರ್ಷ ಮರಿ ಸುರಿಯುವುದು ತೂತು ಕೊಡಕ್ಕೆ ನೀರು ಹೊತ್ತಂತೆ.

ಮರಿ ಕೇಂದ್ರಗಳನ್ನು ಮುಚ್ಚಬೇಕಿಲ್ಲ. ಅವುಗಳ ಕೆಲಸ ಬದಲಾಗಬೇಕು. ಆಯಾ ನದಿಯ ತಾಯಿಮೀನುಗಳಿಂದಲೇ ಮರಿ ಮಾಡಬೇಕು. ನಾಲ್ಕಾರು ಜೋಡಿಗಳನ್ನೇ ನೆಚ್ಚಿಕೊಂಡು ವಂಶಬಲ ಕುಗ್ಗಿಸಬಾರದು. ಬಿಟ್ಟ ಮರಿಗಳಲ್ಲಿ ಬದುಕಿದ್ದೆಷ್ಟು, ಮೊಟ್ಟೆ ಇಟ್ಟಿದ್ದೆಷ್ಟು ಎಂದು ವರ್ಷಗಟ್ಟಲೆ ಗಮನಿಸಬೇಕು. ಹೊರಗಿನ ಜಾತಿಗಳು ಕೆರೆ, ಕೊಳಗಳಲ್ಲೇ ಇರಲಿ.

ಮುಂದಿನ ಬಾರಿ ನಿಮ್ಮೂರ ಹೊಳೆಗೆ ಮರಿ ಬಿಡಲು ಬಂದವರನ್ನು ಎರಡೇ ಪ್ರಶ್ನೆ ಕೇಳಿ: ಇವು ಯಾವ ನದಿಯವು? ಕಳೆದ ವರ್ಷದವು ಏನಾದವು? ಉತ್ತರ ಇಲ್ಲದಿದ್ದರೆ ಮರಿ ಬಿಡುವುದನ್ನು ನಿಲ್ಲಿಸಲು ಹೇಳಿ.